ಅಬ್ಬಕ್ಕನ ಬಾಯಿಗೆ ನಾವು ಬರೆದ ಭಾಷಣ ಬೇಡ

ಶಾಲಾ ಪಠ್ಯಗಳನ್ನು ಬರೆಯುವ, ತಿದ್ದುವ ಹೊಣೆ ಹೊತ್ತವರಿಗೆ, ಅಬ್ಬಕ್ಕ ಉತ್ಸವಗಳನ್ನು ನಡೆಸುವ ಸಮಿತಿಗಳಿಗೆ, ಸ್ಪರ್ಧೆಗೆ ಹೋಗುವ ಮಕ್ಕಳಿಗೆ ಮಾತು ಬರೆದುಕೊಡುವ ನನ್ನ ಸಹೋದ್ಯೋಗಿಗಳಿಗೆ,

ಮಾನ್ಯರೇ, ವಿಷಯಕ್ಕೆ ನೇರವಾಗಿ ಬರುತ್ತೇನೆ. ಪೋರ್ಚುಗೀಸರ ಹಡಗುಗಳು ಉಳ್ಳಾಲದ ಕಡಲಲ್ಲಿ ಕಾಣಿಸಿಕೊಂಡಾಗ ರಾಣಿ ಅಬ್ಬಕ್ಕ ಸೈನಿಕರೆದುರು ನಿಂತು ಆಡಿದಳು ಎನ್ನುವ ಭಾಷಣಗಳು ಇವತ್ತು ಎಲ್ಲೆಲ್ಲೂ ಸಿಗುತ್ತವೆ. ಶಾಲಾ ವಾರ್ಷಿಕೋತ್ಸವದ ಏಕಪಾತ್ರಾಭಿನಯದಲ್ಲಿ, ಭಾಷಣ ಸ್ಪರ್ಧೆಯಲ್ಲಿ, ಬೆಳಗಾದರೆ ವಾಟ್ಸಾಪ್‌ಗೆ ಬಂದು ಬೀಳುವ ಸಂದೇಶಗಳಲ್ಲಿ. ಫರಂಗಿಗಳಿಗೆ ಸವಾಲು ಹಾಕಿ ಶುರುವಾಗಿ, ಕೊನೆಯುಸಿರು, ಕೊನೆಯ ಹನಿ ರಕ್ತ ಎಂದು ಮುಗಿಯುವ ಮಾತುಗಳವು. ಬರೆದವರು ನಮ್ಮ ಕಾಲದವರು. ಅಬ್ಬಕ್ಕ ತನ್ನ ಜನಕ್ಕೆ ಏನು ಹೇಳಿ ಹುರಿದುಂಬಿಸಿದಳು ಎಂಬುದನ್ನು ಅವಳ ಕಾಲದವರು ಯಾರೂ ಬರೆದಿಟ್ಟಿಲ್ಲ.

ರಂಗದ ಮೇಲೆ ಮಾತು ಕಟ್ಟುವುದರ ಬಗ್ಗೆ ನನಗೆ ತಕರಾರಿಲ್ಲ. ತಾಳಮದ್ದಲೆಯ ಅರ್ಥಧಾರಿ ಕರ್ಣನ ಬಾಯಲ್ಲಿ ಇಡೀ ರಾತ್ರಿ ಮಾತಾಡುತ್ತಾನೆ, ಕೇಳುವವರಿಗೆ ಅದು ಅರ್ಥಧಾರಿಯ ಪ್ರತಿಭೆ ಎಂದು ಗೊತ್ತಿರುತ್ತದೆ. ಕರಾವಳಿಯವರಿಗೆ ಇದನ್ನು ಬೇರೆ ಯಾರೂ ಕಲಿಸಬೇಕಿಲ್ಲ. ಅದೇ ಮಾತು ತರಗತಿಯೊಳಗೆ ಬಂದು, ಮಕ್ಕಳು ಅದಕ್ಕೆ ಉದ್ಧರಣ ಚಿಹ್ನೆ ಹಾಕಿ ಉತ್ತರಪತ್ರಿಕೆಯಲ್ಲಿ ಬರೆಯತೊಡಗಿದಾಗ ಸಮಾಜ ವಿಜ್ಞಾನ ಕಲಿಸುವ ನಾನು ಸುಮ್ಮನಿರಲಾರೆ. ಅಬ್ಬಕ್ಕನನ್ನು ಸಣ್ಣದು ಮಾಡಬೇಕೆಂದು ಇದನ್ನು ಬರೆಯುತ್ತಿಲ್ಲ. ನಮ್ಮ ಭಾಷಣಗಳೇ ಅವಳನ್ನು ಸಣ್ಣದು ಮಾಡುತ್ತಿವೆ ಎನ್ನುವುದು ನನ್ನ ನೋವು.

ಕಡಲಿನಿಂದ ಬರುವ ದಾಳಿ, ಸೈನ್ಯದೆದುರು ನಿಂತ ರಾಣಿ ಎಂದರೆ ಜಗತ್ತಿನ ಬಹುಪಾಲು ಜನಕ್ಕೆ ನೆನಪಾಗುವುದು ಇಂಗ್ಲೆಂಡಿನ ಒಂದನೇ ಎಲಿಜಬೆತ್. ಆ ಕತೆಯನ್ನು ಮೊದಲು ಹೇಳುತ್ತೇನೆ, ಏಕೆಂದರೆ ನಮ್ಮ ಅಬ್ಬಕ್ಕನ ಭಾಷಣಗಳಿಗೆ ಅಚ್ಚು ಸಿಕ್ಕಿದ್ದು ಅಲ್ಲಿಂದಲೇ ಎಂದು ನನಗೆ ಅನ್ನಿಸುತ್ತದೆ. 1588ರಲ್ಲಿ ಸ್ಪೇನಿನ ಎರಡನೇ ಫಿಲಿಪ್ ಇಂಗ್ಲೆಂಡಿನ ಮೇಲೆ ಭಾರೀ ನೌಕಾಪಡೆ ಕಳಿಸಿದ. ಥೇಮ್ಸ್ ನದಿಯ ದಂಡೆಯ ಟಿಲ್ಬರಿ ಎಂಬಲ್ಲಿ ಇಂಗ್ಲೆಂಡಿನ ಸೈನ್ಯ ಬೀಡುಬಿಟ್ಟಿತ್ತು. ಆಗಸ್ಟ್ 9ರಂದು, ಆಗಿನ ಇಂಗ್ಲಿಷ್ ಪಂಚಾಂಗದ ಪ್ರಕಾರ, ರಾಣಿ ಅಲ್ಲಿಗೆ ಬಂದು ಸೈನಿಕರನ್ನು ಉದ್ದೇಶಿಸಿ ಮಾತಾಡಿದಳು. ತನ್ನದು ಹೆಣ್ಣಿನ ದುರ್ಬಲ ಮೈ, ಎದೆ ಮಾತ್ರ ರಾಜನದು ಎಂಬ ಅರ್ಥದ ಆ ಮಾತು ಲೋಕಪ್ರಸಿದ್ಧ.

ಆ ಹೊತ್ತಿಗೆ ಏನಾಗಿತ್ತು ನೋಡಿ. ಗ್ರಾವ್ಲೀನ್ ಬಳಿ ಸ್ಪೇನಿನ ನೌಕಾಪಡೆಯೊಡನೆ ನಡೆದ ಕಾಳಗ ಮುಗಿದು ಹತ್ತು ದಿನ ದಾಟಿತ್ತು. ಸ್ಪೇನಿನ ಹಡಗುಗಳು ಗಾಳಿಗೆ ಸಿಕ್ಕಿ ಉತ್ತರದ ಕಡೆ ಸಾಗಿದ್ದವು. ಫ್ಲಾಂಡರ್ಸ್‌ನಲ್ಲಿ ಕಾದಿದ್ದ ಸ್ಪೇನಿನ ದಂಡನಾಯಕ ಪಾರ್ಮಾದ ಡ್ಯೂಕ್ ಇಂಗ್ಲಿಷ್ ಕಾಲುವೆ ದಾಟಿ ಬಂದಾನು ಎಂಬ ಭಯ ಉಳಿದಿತ್ತು ನಿಜ, ಆದರೆ ದೊಡ್ಡ ಗಂಡಾಂತರ ಆಗಲೇ ಕಳೆದಿತ್ತು. ಇನ್ನು ಇವತ್ತು ಎಲ್ಲರೂ ಓದುವ ಭಾಷಣದ ಪಾಠ ಎಲ್ಲಿಂದ ಬಂತು? ಲಿಯೋನೆಲ್ ಶಾರ್ಪ್ ಎಂಬ ಪಾದ್ರಿ, ತಾನು ಆ ದಿನ ಟಿಲ್ಬರಿಯಲ್ಲಿದ್ದೆ ಎಂದವನು, ಹಲವು ದಶಕಗಳ ನಂತರ ಬಕಿಂಗ್‌ಹ್ಯಾಮ್ ಡ್ಯೂಕ್‌ಗೆ ಬರೆದ ಕಾಗದದಲ್ಲಿ ಅದು ಇದೆ. ಅಚ್ಚಾಗಿದ್ದು 1654ರಲ್ಲಿ. ರಾಣಿ ಮಾತಾಡಿದ್ದು ಖಂಡಿತ. ಇದೇ ಪದಗಳನ್ನು ಆಡಿದಳೇ ಎಂಬುದನ್ನು ಅಲ್ಲಿನ ಇತಿಹಾಸಕಾರರು ಇಂದಿಗೂ ಚರ್ಚಿಸುತ್ತಾರೆ. ಅವಳು ತೊಟ್ಟಿದ್ದಳು ಎನ್ನುವ ಬೆಳ್ಳಿಯ ಕವಚದ ಬಗ್ಗೆಯೂ ಅದೇ ಬಗೆಯ ಚರ್ಚೆ ಇದೆ.

ಆ ಭಾಷಣದೊಳಗೆ ಒಂದು ಮಾತಿದೆ, ಅದನ್ನು ಸ್ಪರ್ಧೆಗಳಲ್ಲಿ ಯಾರೂ ಉಚ್ಚರಿಸುವುದಿಲ್ಲ. ನಿಮಗೆ ಸಲ್ಲಬೇಕಾದ ಸಂಬಳ, ಬಹುಮಾನ ಸಂದೇ ಸಲ್ಲುತ್ತದೆ, ಇದು ಅರಸು ಕೊಡುವ ಮಾತು ಎಂದು ರಾಣಿ ಭರವಸೆ ಕೊಡುತ್ತಾಳೆ. ಮರುದಿನ, ಆಗಸ್ಟ್ 10ರಂದು, ನೌಕಾಪಡೆಯ ಮುಖ್ಯಸ್ಥ ಹೊವಾರ್ಡ್ ಮಾರ್ಗೇಟ್ ಬಂದರಿನಿಂದ ಮಂತ್ರಿ ಬರ್ಲಿಗೆ ಕಾಗದ ಬರೆದ. ಹಡಗುಗಳಲ್ಲಿ ರೋಗ ಹರಡಿದೆ, ದಡಕ್ಕಿಳಿಸಿದ ನಾವಿಕರಿಗೆ ತಲೆಯ ಮೇಲೆ ಸೂರಿಲ್ಲ, ಬೀದಿಯಲ್ಲೇ ಸಾಯುತ್ತಿದ್ದಾರೆ, ಇಷ್ಟು ಶೌರ್ಯದಿಂದ ಸೇವೆ ಮಾಡಿದವರು ಹೀಗೆ ಸಾಯುವುದನ್ನು ನೋಡಿದರೆ ಎದೆ ಒಡೆಯುತ್ತದೆ ಎಂದು. ಸಂಬಳ ಬಾಕಿ ಇತ್ತು, ಬಟ್ಟೆ ಇರಲಿಲ್ಲ. ಯುದ್ಧ ಗೆದ್ದುಕೊಟ್ಟವರ ಗತಿ ಇದು. ಆದರೆ ನಾಲ್ಕು ಶತಮಾನ ದಾಟಿ ಉಳಿದದ್ದು ಭಾಷಣ. ಹೊವಾರ್ಡನ ಕಾಗದ ಓದಿದವರು ಬೆರಳೆಣಿಕೆ.

ನಾವು ಅಬ್ಬಕ್ಕನಿಗೂ ಇದನ್ನೇ ಮಾಡಲು ಹೊರಟಿದ್ದೇವೆ. ಅವಳು ಮಾಡಿದ ಕೆಲಸವನ್ನು ಪಕ್ಕಕ್ಕೆ ಸರಿಸಿ, ಆಡದ ಮಾತನ್ನು ಮುಂದಿಡುತ್ತಿದ್ದೇವೆ.

ಹಾಗಾದರೆ ಅವಳ ಕೆಲಸ ಏನು? ಇದಕ್ಕೆ ಕಡಲಿನ ವ್ಯಾಪಾರ ಅರ್ಥವಾಗಬೇಕು. ಮಕ್ಕಳಿಗೆ ಪೋರ್ಚುಗೀಸರು ಎಂದರೆ ಹಡಗಿನಿಂದಿಳಿದು ಗುಂಡು ಹಾರಿಸುವವರು ಎಂದಷ್ಟೇ ಗೊತ್ತು. ಅವರಿಗೆ ಇಲ್ಲಿ ಬೇಕಾಗಿದ್ದುದು ಅಕ್ಕಿ ಮತ್ತು ಮೆಣಸು. ಕೆನರಾದ ಅಕ್ಕಿ ಗೋವಾದ ಹೊಟ್ಟೆ ತುಂಬಿಸುತ್ತಿತ್ತು, ಪರ್ಷಿಯನ್ ಕೊಲ್ಲಿಯ ಕಡೆಗೂ ಹೋಗುತ್ತಿತ್ತು. ಕರಾವಳಿಯ ಒಂದೊಂದು ಬಂದರಿನ ಅರಸು ಮನೆತನದಿಂದಲೂ ಅವರು ವರ್ಷ ವರ್ಷ ಕಪ್ಪ ಕೇಳುತ್ತಿದ್ದರು, ಅದರಲ್ಲಿ ಬಹುಪಾಲು ಅಕ್ಕಿಮುಡಿಗಳ ಲೆಕ್ಕದಲ್ಲೇ. ಇದರ ಜೊತೆಗೆ ಕರ್ತಾಜ್ ಎಂಬ ರಹದಾರಿ ಚೀಟಿ. ಪೋರ್ಚುಗೀಸರ ಸಹಿ ಇರುವ ಈ ಚೀಟಿಯಿಲ್ಲದೆ ಕಡಲಿಗಿಳಿದ ಹಡಗನ್ನು ಸರಕಿನ ಸಮೇತ ಹಿಡಿಯುವ ಹಕ್ಕು ತಮಗಿದೆ ಎಂದು ಅವರು ಸಾರಿದ್ದರು. ನಮ್ಮದೇ ನದಿಯ ಅಳಿವೆಯಿಂದ ನಮ್ಮದೇ ಅಕ್ಕಿ ತುಂಬಿದ ಹಡಗು ಹೊರಡಲು ಪರದೇಶದವನ ಅಪ್ಪಣೆ ಬೇಕು. ಉಳ್ಳಾಲದ ರಾಣಿ ಒಪ್ಪದೇ ಹೋದದ್ದು ಇದಕ್ಕೆ.

ಉಳ್ಳಾಲ ದೊಡ್ಡ ರಾಜ್ಯವಾಗಿರಲಿಲ್ಲ. ಪುತ್ತಿಗೆ, ಮೂಡುಬಿದಿರೆಗಳಲ್ಲಿ ನೆಲೆಸಿದ್ದ ಚೌಟ ಅರಸರಿಗೆ ಕಡಲ ಬದಿಯ ನೆಲೆ ಅದು. ಚೌಟರು ಜೈನರು, ವಿಜಯನಗರಕ್ಕೆ ನಡೆದುಕೊಳ್ಳುತ್ತಿದ್ದ ಸಾಮಂತರು. ನೇತ್ರಾವತಿಯ ಅಳಿವೆಯ ಒಂದು ಮಗ್ಗುಲಲ್ಲಿ ಉಳ್ಳಾಲ, ಇನ್ನೊಂದು ಮಗ್ಗುಲಲ್ಲಿ ಬಂಗ ಅರಸರ ಮಂಗಳೂರು. ಪೋರ್ಚುಗೀಸರ ನೌಕಾಪಡೆ 1555ರ ಸುಮಾರಿಗೆ ಆಲ್ವಾರೊ ದ ಸಿಲ್ವೇರನ ಕೈಕೆಳಗೆ ಇಲ್ಲಿಗೆ ಬಂತು. ಕಾರಣ ಬಾಕಿ ಉಳಿದ ಕಪ್ಪ. ಆ ಬಾರಿ ಒಂದು ಸಂಧಾನದಲ್ಲಿ ಮುಗಿಯಿತು. 1565ರ ಜನವರಿಯಲ್ಲಿ ರಕ್ಕಸ ತಂಗಡಿಯಲ್ಲಿ ವಿಜಯನಗರ ಸೋತಿತು, ಬೆನ್ನಿಗಿದ್ದ ಗೋಡೆಯೇ ಬಿತ್ತು. ಮೂರು ವರ್ಷ ತುಂಬುವುದರೊಳಗೆ ಗೋವಾದ ವೈಸರಾಯ್ ಆಂಟಾವೊ ದ ನೊರೊನ್ಹಾ ಸ್ವತಃ ದಂಡೆತ್ತಿ ಬಂದ. 1568ರ ಜನವರಿಯಲ್ಲಿ ಮಂಗಳೂರು ಅವರ ಕೈಸೇರಿತು, ಸೇಂಟ್ ಸೆಬಾಸ್ಟಿಯನ್ ಹೆಸರಿನ ಕೋಟೆ ಎದ್ದಿತು. ಈ ದಾಳಿಗಳೆಲ್ಲ ಯಾವಾಗ ಆದವು ಎಂಬುದನ್ನು ಗಮನಿಸಿ. ಮಳೆಗಾಲದಲ್ಲಿ ಈ ಕಡಲಿಗೆ ಯಾರೂ ಇಳಿಯುವಂತಿಲ್ಲ. ಮಳೆ ನಿಂತು, ಕಡಲು ತಣಿದು, ಕೊಯ್ಲು ಮುಗಿದು ಅಕ್ಕಿ ಮುಡಿ ಕಟ್ಟುವ ಹೊತ್ತಿಗೆ ಹಡಗುಗಳು ಬರುತ್ತಿದ್ದವು.

ಇನ್ನು 1568ರ ಆ ಕಾಳಗದ ಬಗ್ಗೆ ನಮ್ಮಲ್ಲಿರುವ ಕತೆ. ಶತ್ರುಗಳು ಉಳ್ಳಾಲಕ್ಕೆ ನುಗ್ಗಿದಾಗ ರಾಣಿ ತಪ್ಪಿಸಿಕೊಂಡು ಮಸೀದಿಯೊಂದರಲ್ಲಿ ಆಸರೆ ಪಡೆದಳು, ಅದೇ ರಾತ್ರಿ ಇನ್ನೂರು ಜನರನ್ನು ಕಟ್ಟಿಕೊಂಡು ಬಂದು ಜುವಾವೊ ಪೆಶೊಟೊ ಎಂಬ ದಳಪತಿಯ ಪಡೆಯ ಮೇಲೆ ಎರಗಿದಳು ಎಂದು ಕರಾವಳಿಯಲ್ಲಿ ಹೇಳುತ್ತಾರೆ. ತೆಂಗಿನ ಗರಿಯ ತೂಟೆಗಳಿಗೆ ಬೆಂಕಿ ಹಚ್ಚಿ ಹಡಗುಗಳ ಮೇಲೆ ಎಸೆದರು ಎಂದೂ ಹೇಳುತ್ತಾರೆ. ಪೆಶೊಟೊ ಎಂಬವನು ಇದ್ದ, ಅವನ ಪಡೆಯ ಮೇಲೆ ಅನಿರೀಕ್ಷಿತ ದಾಳಿ ಆಯಿತು. ಪೋರ್ಚುಗೀಸ್ ಬರಹಗಳ ಆಧಾರ ಅಷ್ಟಕ್ಕೆ ಇದೆ. ಮಸೀದಿ, ಇನ್ನೂರು ಜನ, ತೂಟೆಗಳು ಊರಿನ ನೆನಪಿನಿಂದ ಬಂದವು. ಊರಿನ ನೆನಪನ್ನು ಹಗುರವಾಗಿ ಕಾಣುವವಳು ನಾನಲ್ಲ. ಕಟೀಲಿನ ಜಾತ್ರೆಯಲ್ಲಿ ಉರಿಯುವ ತೂಟೆಗಳು ಕತ್ತಲಲ್ಲಿ ಆಚೀಚೆ ಹಾರುವುದನ್ನು ಕಂಡವರಿಗೆ ಈ ಕತೆ ಎಷ್ಟು ಸಹಜ ಎಂದು ಅನ್ನಿಸದಿರದು. ನನ್ನ ಬೇಡಿಕೆ ಇಷ್ಟೆ: ಯಾವುದು ದಾಖಲೆ, ಯಾವುದು ಊರಿನ ನೆನಪು, ಯಾವುದು ನಿನ್ನೆ ಮೊನ್ನೆ ನಾವು ಬರೆದದ್ದು ಎಂಬ ಮೂರನ್ನೂ ಮಕ್ಕಳಿಗೆ ಬಿಡಿಸಿ ಹೇಳೋಣ. ಎಂಟನೇ ತರಗತಿಯ ಮಗುವಿಗೆ ಇದು ಕಷ್ಟದ ವಿಷಯವೇ ಅಲ್ಲ.

ಹುರಿದುಂಬಿಸುವುದು ಎಂದರೆ ಭಾಷಣ ಎಂದು ನಾವು ಹಿಡಿದುಕೊಂಡುಬಿಟ್ಟಿದ್ದೇವೆ. ಉಳ್ಳಾಲದಂಥ ಸಣ್ಣ ಅರಸೊತ್ತಿಗೆಗೆ ಸಾವಿರಾರು ಜನರ ಕಾಯಂ ಸೈನ್ಯ ಇಟ್ಟುಕೊಳ್ಳುವ ಶಕ್ತಿ ಎಲ್ಲಿತ್ತು? ಕರೆ ಬಂದಾಗ ಗದ್ದೆ ಬಿಟ್ಟು, ಬಲೆ ಬಿಟ್ಟು ಜನ ಬರಬೇಕು. ಅಳಿವೆಯ ಮರಳು ದಿಣ್ಣೆ ಎಲ್ಲಿದೆ, ಯಾವ ಇಳಿತಕ್ಕೆ ದೊಡ್ಡ ಹಡಗು ಒಳಗೆ ಬರಲಾರದು, ರಾತ್ರಿ ಯಾವ ಕಡೆಯಿಂದ ದೋಣಿ ಒಯ್ಯಬಹುದು ಎಂಬುದು ಕಡಲ ಮೀನುಗಾರರಾದ ಮೊಗವೀರರಿಗೆ ಗೊತ್ತು. ದೂರದ ಬಂದರುಗಳ ಸುದ್ದಿ, ಹಡಗಿನ ವ್ಯಾಪಾರ ಕರಾವಳಿಯ ಮುಸ್ಲಿಮರಾದ ಬ್ಯಾರಿಗಳ ಕೈಯಲ್ಲಿ. ಭೂಮಿ, ಆಳು, ಆಯುಧ ಬಂಟರು, ಬಿಲ್ಲವರು, ಜೈನ ಬೀಡಿನವರ ಕಡೆ. ಇವರೆಲ್ಲ ಒಬ್ಬಳ ಮಾತಿಗೆ ಒಟ್ಟಾಗಿ ನಿಲ್ಲಬೇಕಾದರೆ ಹಡಗು ಕಂಡ ದಿನ ಮಾಡಿದ ಒಂದು ಭಾಷಣ ಸಾಲದು. ಹಡಗು ಬರದ ವರ್ಷಗಳಲ್ಲಿ ಅವಳು ಅವರ ಜೊತೆ ಹೇಗೆ ನಡೆದುಕೊಂಡಿದ್ದಳು ಎಂಬುದೇ ಅಲ್ಲಿ ಕೆಲಸ ಮಾಡುತ್ತದೆ.

ಹೊರಗಿನ ನೆರವನ್ನೂ ಅವಳು ಬಲ್ಲಳು. 1570ರ ಸುಮಾರಿಗೆ ಕಲ್ಲಿಕೋಟೆಯ ಅರಸ ಸಾಮೂದಿರಿಯ ನಾವಿಕ ಕುಟ್ಟಿ ಪೋಕರ್ ಮರಕ್ಕಾರ್ ಉಳ್ಳಾಲದ ರಾಣಿಯ ಕೋರಿಕೆಯಂತೆ ಮಂಗಳೂರಿನ ಪೋರ್ಚುಗೀಸ್ ಕೋಟೆಯ ಮೇಲೆ ದಾಳಿ ಮಾಡಿದ. ಹಿಂದಿರುಗುವಾಗ ಕಡಲಲ್ಲಿ ಪೋರ್ಚುಗೀಸ್ ಪಡೆ ಅಡ್ಡಹಾಕಿ ಅವನನ್ನು ಕೊಂದಿತು. ಅದೇ ಹೊತ್ತಿನಲ್ಲಿ ಬಿಜಾಪುರದ ಅಲಿ ಆದಿಲ್ ಶಾಹ್ ಗೋವಾಕ್ಕೆ, ಅಹಮದ್‌ನಗರದ ಸುಲ್ತಾನ ಚೌಲ್‌ಗೆ ಮುತ್ತಿಗೆ ಹಾಕಿದ್ದರು. 1571ರಲ್ಲಿ ಸಾಮೂದಿರಿ ಪೋರ್ಚುಗೀಸರಿಂದ ಚಾಲಿಯಂ ಕೋಟೆಯನ್ನು ಕಿತ್ತುಕೊಂಡ. ಪಶ್ಚಿಮ ಕರಾವಳಿಯುದ್ದಕ್ಕೂ ಎದ್ದ ಆ ಪ್ರತಿರೋಧದಲ್ಲಿ ಉಳ್ಳಾಲವೂ ಒಂದು ಕೊಂಡಿ. ಅಬ್ಬಕ್ಕ ಒಬ್ಬಂಟಿಯಾಗಿ ಹೋರಾಡಿದಳು ಎಂದು ಬರೆದರೆ ಕೇಳಲು ಚೆನ್ನ, ಆದರೆ ಅವಳ ಬುದ್ಧಿವಂತಿಕೆಯ ಅರ್ಧ ಪಾಲು ಕೈತಪ್ಪುತ್ತದೆ. ಇವತ್ತು ಅವಳನ್ನು ಒಂದು ಜಾತಿಗೆ, ಒಂದು ಧರ್ಮಕ್ಕೆ, ಒಂದು ಪಕ್ಷದ ಬ್ಯಾನರಿಗೆ ಎಳೆದುಕೊಳ್ಳುವವರಿಗೆ ಕುಟ್ಟಿ ಪೋಕರನ ಹೆಸರು ಬೇಡವಾಗುತ್ತದೆ, ಅಥವಾ ಬಸದಿಗೆ ಕೈಮುಗಿದ ಅರಸಿ ಬೇಡವಾಗುತ್ತಾಳೆ. ಪಠ್ಯ ಬರೆಯುವವರು ಈ ಎಳೆದಾಟಕ್ಕೆ ಮಣಿಯಬಾರದು ಎಂದು ಕೈಮುಗಿದು ಕೇಳುತ್ತೇನೆ.

ಈಗ ನನ್ನ ಮನಸ್ಸಿಗೆ ಅತ್ಯಂತ ಹತ್ತಿರವಾದ ದಾಖಲೆಗೆ ಬರುತ್ತೇನೆ. 1623ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ರೋಮ್ ನಗರದ ಪ್ರವಾಸಿ ಗೋವಾದಿಂದ ಇಕ್ಕೇರಿಗೆ ಬಂದ. ಕೆಳದಿಯ ವೆಂಕಟಪ್ಪ ನಾಯಕನ ಬಳಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ತಂಡದ ಜೊತೆ ಬಂದವನು ಅವನು. ಕೆಲಸ ಮುಗಿದ ಮೇಲೆ ಘಟ್ಟ ಇಳಿದು ಮಂಗಳೂರಿಗೆ ಬಂದ. ಅವನಿಗೆ ಉಳ್ಳಾಲದ ರಾಣಿಯನ್ನು ನೋಡಲೇಬೇಕಿತ್ತು. ಅವಳು ಆಗ ಮನೇಲ್ ಎಂಬ ಊರಿನಲ್ಲಿ ಇದ್ದಳು. ಅವಳ ಹೆಸರನ್ನೂ ಕೇಳಿ ತಿಳಿದು ಅಬಗ್ ದೇವಿ ಚೌತ್ರು ಎಂದು ಬರೆದುಕೊಂಡ.

ಅರಮನೆ, ಸಿಂಹಾಸನ, ಪರದೆ ಯಾವುದೂ ಇಲ್ಲ. ರಾಣಿ ಅವನಿಗೆ ಎದುರಾದದ್ದು ಬೀದಿಯಲ್ಲಿ. ತಾನು ಅಗೆಸುತ್ತಿದ್ದ ಕಾಲುವೆಗಳ ಕೆಲಸ ನೋಡಲು ನಡೆದುಕೊಂಡು ಹೊರಟಿದ್ದಳು. ಜೊತೆಯಲ್ಲಿ ಕೆಲವು ಸೈನಿಕರು, ತಲೆಯ ಮೇಲೆ ತಾಳೆಗರಿಯ ಕೊಡೆ. ಬರಿಗಾಲು. ಸೊಂಟಕ್ಕೆ ದಪ್ಪ ನೂಲಿನ ಬಿಳಿ ಬಟ್ಟೆ, ತಲೆ ಮತ್ತು ಹೆಗಲಿನ ಮೇಲೊಂದು ವಸ್ತ್ರ. ಕಪ್ಪು ಬಣ್ಣ, ತುಂಬಿದ ಮೈ, ಆದರೂ ಚುರುಕಾದ ನಡಿಗೆ. ವಯಸ್ಸು ನಾಲ್ವತ್ತರ ಆಸುಪಾಸು ಇರಬಹುದು ಎಂದು ಅವನ ಅಂದಾಜು. ಪೋರ್ಚುಗೀಸರು ಮಾತ್ರ ಅವಳು ಇನ್ನೂ ಮುದುಕಿ ಎಂದು ಅವನಿಗೆ ಹೇಳಿ ಕಳಿಸಿದ್ದರು. ಬಾಯಲ್ಲಿ ಹಲ್ಲಿಲ್ಲ, ಅದಕ್ಕೇ ಮುಖ ಮುಚ್ಚಿಕೊಳ್ಳುತ್ತಾಳೆ ಎಂದೂ ಹೇಳಿದ್ದರಂತೆ. ಹತ್ತಿರದಿಂದ ನೋಡಿದರೆ ಅಂಥದ್ದೇನೂ ಕಾಣಲಿಲ್ಲ ಎಂದು ಅವನೇ ಬರೆದಿದ್ದಾನೆ. ಸೋತವರು ಹಬ್ಬಿಸಿದ ಮಾತನ್ನು ಅವರ ಕಡೆಯಿಂದಲೇ ಬಂದವನೊಬ್ಬ ತನ್ನ ಕಣ್ಣಿನಿಂದ ಪರೀಕ್ಷಿಸಿ ತಿದ್ದಿದ ಪುಟ ಇದು.

ಮುಂದೆ ಅವನು ಬರೆಯುವ ಮಾತು ಓದುವಾಗ ಮೈ ಉರಿಯುತ್ತದೆ. ನೋಡಲು ಅಡುಗೆ ಮನೆಯ ಆಳಿನಂತೆ, ಬಟ್ಟೆ ಒಗೆಯುವವಳಂತೆ ಇದ್ದಾಳೆಯೇ ಹೊರತು ರಾಣಿಯಂತಿಲ್ಲ ಎನ್ನುತ್ತಾನೆ. ಯುರೋಪಿನಲ್ಲಿ ಅಷ್ಟು ದೊಡ್ಡದೆನಿಸಿದ ಸ್ಪೇನ್ ದೊರೆಯ ಸೈನ್ಯವನ್ನು ಭಾರತದಲ್ಲಿ ಸೋಲಿಸಿ ಓಡಿಸುವವರು ಇಂಥವರೇ ಎಂದು ಮನಸ್ಸಿನಲ್ಲೇ ಅಂದುಕೊಂಡನಂತೆ. ಅದರ ಬೆನ್ನಿಗೇ, ಅವಳು ಮಾತಾಡಲು ಶುರುಮಾಡಿದ ಮೇಲೆ, ಅವನ ದನಿ ಬದಲಾಗುತ್ತದೆ. ರಾಣಿತನ ಕಂಡದ್ದು ಅವಳ ಮಾತಿನಲ್ಲಿ. ಕಂಠ ಇಂಪಾಗಿತ್ತು, ವಿವೇಕಿಯಂತೆ, ತೂಕವಾಗಿ ಮಾತಾಡಿದಳು ಎನ್ನುತ್ತಾನೆ. ಹಗಲೆಲ್ಲ ಹೊಲದ ಕಡೆ ಇದ್ದು, ಕತ್ತಲಾದ ಮೇಲೆ ಮರಳಿ ಬಂದು ಜನರ ದೂರು ದುಮ್ಮಾನ ಕೇಳಲು ಕೂರುತ್ತಾಳೆ ಎಂದೂ ಅವನಿಗೆ ತಿಳಿಯಿತು.

ಸ್ಪೇನ್ ದೊರೆ ಎಂದು ಅವನು ಬರೆದದ್ದು ಕೈತಪ್ಪಿನಿಂದಲ್ಲ. 1580ರಿಂದ 1640ರವರೆಗೆ ಪೋರ್ಚುಗಲ್ಲಿಗೂ ಸ್ಪೇನಿಗೂ ಒಬ್ಬನೇ ದೊರೆ. ಎಲಿಜಬೆತ್ ಎದುರಿಸಿದ 1588ರ ನೌಕಾಪಡೆ ಹೊರಟದ್ದು ಲಿಸ್ಬನ್ ಬಂದರಿನಿಂದ, ಅದರ ಮುಖ್ಯ ಹಡಗು ಸಾವ್ ಮಾರ್ಟಿನ್ಹೊ ಪೋರ್ಚುಗೀಸರದ್ದು. ಟಿಲ್ಬರಿಯಲ್ಲಿ ಎಲಿಜಬೆತ್ ಯಾವ ಸಿಂಹಾಸನದ ಎದುರು ನಿಂತಿದ್ದಳೋ ಅದೇ ಸಿಂಹಾಸನದ ಎದುರು ಈ ಬರಿಗಾಲಿನ ಹೆಂಗಸು ನಿಂತಿದ್ದಳು. ಈ ಒಂದು ಸಂಗತಿಯನ್ನು ಹತ್ತನೇ ತರಗತಿಯ ಮಕ್ಕಳಿಗೆ ಭೂಪಟದ ಮೇಲೆ ಬೆರಳಿಟ್ಟು ತೋರಿಸಿದರೆ ಸಾಕು, ಯಾವ ಕಟ್ಟಿದ ಭಾಷಣವೂ ಬೇಕಾಗುವುದಿಲ್ಲ.

ಇಲ್ಲಿ ಒಂದು ತೊಡಕಿದೆ, ಅದನ್ನು ಮುಚ್ಚಿಡಬಾರದು. 1555ರಲ್ಲಿ ಕಪ್ಪ ಕೊಡಲು ಒಪ್ಪದವಳು 1623ರಲ್ಲಿ ನಾಲ್ವತ್ತರ ಹೆಂಗಸಾಗಿರಲು ಸಾಧ್ಯವಿಲ್ಲ. ಅಂದರೆ ಅಬ್ಬಕ್ಕ ಒಬ್ಬಳಲ್ಲ. ತಾಯಿ, ಮಗಳು, ಹೀಗೆ ಒಂದಕ್ಕಿಂತ ಹೆಚ್ಚು ಅಬ್ಬಕ್ಕಂದಿರು ಉಳ್ಳಾಲವನ್ನು ಆಳಿದರು ಎಂದು ನಮ್ಮ ಜಿಲ್ಲೆಯ ಇತಿಹಾಸಕಾರರು ಬಹಳ ಹಿಂದಿನಿಂದ ಹೇಳುತ್ತ ಬಂದಿದ್ದಾರೆ. ನಾವು ಎಲ್ಲರನ್ನೂ ಒಂದು ಕತೆಯೊಳಗೆ ಹೊಲಿದುಬಿಟ್ಟಿದ್ದೇವೆ. ಬಂಗ ಅರಸನೊಂದಿಗೆ ಮದುವೆ, ಮನಸ್ತಾಪ, ಅವನು ಪೋರ್ಚುಗೀಸರ ಕಡೆ ವಾಲಿದ್ದು, ಇವಳು ಅವನು ಕೊಟ್ಟ ಒಡವೆಗಳನ್ನು ಹಿಂದಿರುಗಿಸಿದ್ದು, ನದಿಯಲ್ಲಿ ದೋಣಿಯಲ್ಲಿ ಹೋಗುವಾಗ ಅವನ ಕೈಗೆ ಸಿಕ್ಕಿಯೂ ಮಾತಿನ ಜಾಣ್ಮೆಯಿಂದ ಬಿಡಿಸಿಕೊಂಡದ್ದು, ಆಮೇಲೆ ವೆಂಕಟಪ್ಪ ನಾಯಕನ ಸಹಾಯ ಬೇಡಿ ಬಂಗನನ್ನೂ ಅವನ ಬೆನ್ನಿಗೆ ನಿಂತ ಪೋರ್ಚುಗೀಸರನ್ನೂ ಸೋಲಿಸಿದ್ದು, ಇದೆಲ್ಲ ದೆಲ್ಲಾ ವಾಲ್ಲೆ ಕೇಳಿ ಬರೆದದ್ದು, ಹದಿನೇಳನೇ ಶತಮಾನದ ರಾಣಿಯ ಬಗ್ಗೆ. ಇದನ್ನು 1568ರ ಕಾಳಗದ ಜೊತೆ ಸೇರಿಸಿ ಒಂದೇ ಜೀವನಚರಿತ್ರೆ ಮಾಡುವ ಅಗತ್ಯ ಏನಿದೆ? ಒಂದು ಸಣ್ಣ ಮನೆತನದ ಹೆಂಗಸರು ತಲೆಮಾರು ಕಳೆದರೂ ಬಗ್ಗದೆ ನಿಂತರು ಎಂಬ ನಿಜ, ಒಬ್ಬ ವೀರನಾರಿಯ ಕತೆಗಿಂತ ಎಷ್ಟೋ ದೊಡ್ಡದು.

ಅವರು ಗದ್ದುಗೆ ಏರಿದ್ದು ಹೇಗೆ ಎಂಬುದನ್ನೂ ನಾವು ಹೇಳುವುದಿಲ್ಲ. ತುಳುನಾಡಿನ ಅಳಿಯಕಟ್ಟು, ಅಂದರೆ ಅಳಿಯಸಂತಾನದ ಪದ್ಧತಿಯಲ್ಲಿ ಕುಟುಂಬ ಬೆಳೆಯುವುದು ಹೆಣ್ಣಿನ ಕಡೆಯಿಂದ. ಸೋದರಮಾವ ತಿರುಮಲರಾಯ ಚೌಟನಿಂದ ಸೋದರಸೊಸೆ ಅಬ್ಬಕ್ಕನಿಗೆ ಅಧಿಕಾರ ಬಂತು. ಗಂಡು ಮಕ್ಕಳಿಲ್ಲ ಎಂಬ ಕಾರಣಕ್ಕೆ ಯಾರೋ ಅನುಗ್ರಹಿಸಿ ಕೊಟ್ಟ ಪಟ್ಟ ಅದಲ್ಲ, ಅವಳದ್ದೇ ಹಕ್ಕು. ಗಂಡನ ಮನೆ ಬೇಡವೆನಿಸಿದಾಗ ಎದ್ದು ಬರಲು ಅವಳಿಗೆ ತನ್ನದೇ ನೆಲ ಇತ್ತು. 1949ರ ಮದರಾಸು ಅಳಿಯಸಂತಾನ ಕಾಯ್ದೆಯವರೆಗೆ, ಆಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯವರೆಗೆ ನಮ್ಮ ಅಜ್ಜಿಯಂದಿರು ಬದುಕಿದ್ದು ಈ ಕಟ್ಟಿನೊಳಗೆ. ನನ್ನ ತರಗತಿಯ ಹೆಣ್ಣುಮಕ್ಕಳಿಗೆ ಇದು ಗೊತ್ತಿಲ್ಲ. ಅಬ್ಬಕ್ಕನ ಕೈಯಲ್ಲಿ ಕತ್ತಿ ಕೊಡುವ ಮೊದಲು ಅವಳ ಕೈಯಲ್ಲಿದ್ದ ಹಕ್ಕಿನ ಬಗ್ಗೆ ಒಂದು ಪುಟ ಬರೆಯಿರಿ.

2012ರಲ್ಲಿ ಕರಾವಳಿ ಕಾವಲು ಪಡೆಯ ಹಡಗಿಗೆ ರಾಣಿ ಅಬ್ಬಕ್ಕನ ಹೆಸರಿಟ್ಟರು. 2023ರಲ್ಲಿ ಅಂಚೆ ಇಲಾಖೆ ಅವಳ ಅಂಚೆ ಚೀಟಿ ತಂದಿತು. ಉಳ್ಳಾಲದಲ್ಲಿ ಪ್ರತಿಮೆ ಇದೆ, ಉತ್ಸವ ನಡೆಯುತ್ತದೆ. ಗೌರವಕ್ಕೆ ಕೊರತೆಯಿಲ್ಲ, ನನಗೆ ಇವೆಲ್ಲದರ ಬಗ್ಗೆ ಹೆಮ್ಮೆ ಇದೆ. ಕೊರತೆ ಇರುವುದು ಓದಿನಲ್ಲಿ. ದೆಲ್ಲಾ ವಾಲ್ಲೆಯ ಆ ಕೆಲವು ಪುಟಗಳನ್ನು ಸರಳ ಕನ್ನಡಕ್ಕೆ ತಂದು, ಅವನ ತಾತ್ಸಾರದ ಮಾತನ್ನೂ ಬಿಡದೆ, ಪ್ರೌಢಶಾಲೆಯ ಪಠ್ಯದಲ್ಲಿ ಹಾಕಿ. ಇವನು ಯಾರು, ಯಾರ ಜೊತೆ ಬಂದ, ಯಾಕೆ ಹೀಗೆ ಬರೆದ, ಯಾವ ಮಾತನ್ನು ನಂಬಬಹುದು ಎಂದು ಮಕ್ಕಳು ತಾವೇ ಪ್ರಶ್ನೆ ಕೇಳಿಕೊಳ್ಳಲಿ. ಗೋವಾದ ಪತ್ರಾಗಾರದಲ್ಲಿ, ಲಿಸ್ಬನ್ನಿನಲ್ಲಿ ಇರುವ ಪೋರ್ಚುಗೀಸ್ ಕಾಗದಪತ್ರಗಳಲ್ಲಿ ಕೆನರಾದ ಬಂದರುಗಳ ಬಗ್ಗೆ ಇರುವುದನ್ನು ಕನ್ನಡಕ್ಕೆ ತರಲು ಪೋರ್ಚುಗೀಸ್ ಕಲಿತ ನಾಲ್ಕು ಜನ ಯುವ ಸಂಶೋಧಕರಿಗೆ ಸರ್ಕಾರ ಸಂಬಳ ಕೊಟ್ಟು ಕೂರಿಸಲಿ. ಉತ್ಸವದ ಒಂದು ಶಾಮಿಯಾನಕ್ಕೆ ತಗಲುವ ಖರ್ಚಿನಿಂದಲೇ ಕೆಲಸ ಶುರುಮಾಡಬಹುದು.

ಉತ್ಸವ ಸಮಿತಿಯವರಲ್ಲಿ ಇನ್ನೊಂದು ಕೋರಿಕೆ. ಛದ್ಮವೇಷ ಸ್ಪರ್ಧೆಗೆ ಬರುವ ಪುಟ್ಟ ಹುಡುಗಿಯರನ್ನು ನೋಡಿದ್ದೇನೆ. ಜರಿ ಸೀರೆ, ಥರ್ಮಾಕೋಲಿನ ಕಿರೀಟ, ಬಂಗಾರ ಬಣ್ಣ ಬಳಿದ ರಟ್ಟಿನ ಕತ್ತಿ, ಮುಖಕ್ಕೆ ಬೆಳ್ಳಗೆ ಕಾಣುವಷ್ಟು ಪೌಡರು. ಕಪ್ಪಗಿರುವ ಮಗುವನ್ನು ಅಬ್ಬಕ್ಕನಾಗಲು ಬೆಳ್ಳಗೆ ಮಾಡುತ್ತೇವೆ, ಅಬ್ಬಕ್ಕನನ್ನು ಕಣ್ಣಾರೆ ಕಂಡವನು ಕಪ್ಪು ಎಂದು ಬರೆದಿಟ್ಟಿರುವಾಗ. ದಯವಿಟ್ಟು ಇದನ್ನು ನಿಲ್ಲಿಸಿ. ಅಂಕ ಕೊಡುವಾಗ ಕಿರೀಟಕ್ಕೆ ಕೊಡಬೇಡಿ. ಬಿಳಿ ಪಂಚೆ ಉಟ್ಟು, ಬರಿಗಾಲಲ್ಲಿ, ಗರಿಯ ಕೊಡೆ ಹಿಡಿದು ಬಂದ ಮಗುವಿಗೂ ವೇದಿಕೆ ಇರಲಿ. ಭಾಷಣ ಸ್ಪರ್ಧೆಯ ವಿಷಯವನ್ನೂ ಬದಲಿಸಿ: ಅಬ್ಬಕ್ಕ ಸೈನ್ಯಕ್ಕೆ ಏನು ಹೇಳಿದಳು ಎಂಬುದರ ಬದಲು, ಮೊಗವೀರರೂ ಬ್ಯಾರಿಗಳೂ ಬಂಟರೂ ಅವಳ ಕರೆಗೆ ಯಾಕೆ ಬಂದಿರಬಹುದು ಎಂದು ಮಕ್ಕಳನ್ನು ಕೇಳಿ.

ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸುವುದಕ್ಕೂ ನಮ್ಮಲ್ಲಿ ಸಾಕಷ್ಟಿದೆ. ಮೂಡುಬಿದಿರೆಯ ಚೌಟರ ಅರಮನೆಯ ಮರದ ಕಂಬಗಳಲ್ಲಿ ನವನಾರಿ ಕುಂಜರವಿದೆ, ಒಂಬತ್ತು ಹೆಂಗಸರು ಸೇರಿ ಆನೆಯಾದ ಕೆತ್ತನೆ. ಅದರ ಪಕ್ಕದ ಪಂಚನಾರಿ ತುರಗವೂ ಅಷ್ಟೇ ಸೊಗಸು. ಆ ಮರ ಉಳಿಯಬೇಕಾದರೆ ಇಲಾಖೆಗಳು ಮನೆತನದವರ ಜೊತೆ ಕೂತು ಮಾತಾಡಿ ಕಾಯಂ ಆರೈಕೆಗೆ ದಾರಿ ಮಾಡಬೇಕು. ಉಳ್ಳಾಲದಲ್ಲಿ ಕೋಟೆಯೆಂದು ತೋರಿಸಲು ಹೆಚ್ಚೇನೂ ಉಳಿದಿಲ್ಲ, ಕಡಲ್ಕೊರೆತ ವರ್ಷ ವರ್ಷ ದಂಡೆಯನ್ನೇ ತಿನ್ನುತ್ತಿದೆ. ಸೋಮೇಶ್ವರ ದೇವಸ್ಥಾನದ ಬಂಡೆಗಳ ಮೇಲೆ ನಿಂತರೆ ಹಡಗುಗಳು ಯಾವ ದಿಕ್ಕಿನಿಂದ ಬಂದಿರಬಹುದು, ಅಳಿವೆ ಎಷ್ಟು ಹತ್ತಿರ, ಮಂಗಳೂರಿನ ಕೋಟೆಯಿಂದ ಉಳ್ಳಾಲ ಎಷ್ಟು ಬಳಿ ಎಂಬುದು ಮಕ್ಕಳಿಗೆ ಕಣ್ಣಳತೆಯಲ್ಲೇ ತಿಳಿಯುತ್ತದೆ. ಹೊಸ ಪಠ್ಯದಲ್ಲಿ ಈ ಒಂದು ಕ್ಷೇತ್ರ ಭೇಟಿಯನ್ನು ಕರಾವಳಿಯ ಶಾಲೆಗಳಿಗೆ ಕಡ್ಡಾಯ ಮಾಡಿ, ಬಸ್ಸಿನ ಖರ್ಚನ್ನು ಶಾಲೆಯ ಮೇಲೆ ಹಾಕಬೇಡಿ.

ಮುಂದಿನ ಶೈಕ್ಷಣಿಕ ವರ್ಷದ ಪಠ್ಯ ಪರಿಷ್ಕರಣೆಗೆ ಕೂರುವ ಮೊದಲು ಕರಾವಳಿಯ ಇತಿಹಾಸ ಅಧ್ಯಾಪಕರನ್ನು, ತುಳು ಸಂಶೋಧಕರನ್ನು, ಉಳ್ಳಾಲದ ಹಿರಿಯ ಮೊಗವೀರರನ್ನೂ ಬ್ಯಾರಿಗಳನ್ನೂ ಒಮ್ಮೆ ಕರೆದು ಕೇಳಿ. ಕರೆದರೆ ನಾನೂ ಬರುತ್ತೇನೆ, ದೆಲ್ಲಾ ವಾಲ್ಲೆಯ ಪುಟಗಳ ಕನ್ನಡ ಕರಡನ್ನು ಕೈಯಲ್ಲಿ ಹಿಡಿದುಕೊಂಡು.

ಇತಿ ತಮ್ಮ ವಿಶ್ವಾಸಿ,
ಸಮಾಜ ವಿಜ್ಞಾನ ಶಿಕ್ಷಕಿ,
ದಕ್ಷಿಣ ಕನ್ನಡ ಜಿಲ್ಲೆ